ರಕ್ತದ ಪ್ರೋಟೀನು ಕಾಯಿಲೆಗೆ ಕಾರಣವಾ? ಡೇಟಾ ಮತ್ತು ವಿಧಾನ ಆರಿಸಿಕೊಳ್ಳುವವರಿಗೆ ಒಂದು ಹೋಲಿಕೆ

ಪ್ರತಿ ವರ್ಷ ಎಂ.ಎಸ್ಸಿ. ಪ್ರಾಜೆಕ್ಟ್ ಶುರುವಾಗುವ ಹೊತ್ತಿಗೆ ಯಾರಾದರೂ ಒಬ್ಬರು ಬಂದು ಕೇಳುತ್ತಾರೆ. "ಮೇಡಂ, ಈ ಪ್ರೋಟೀನು ರೋಗಿಗಳ ರಕ್ತದಲ್ಲಿ ಜಾಸ್ತಿ ಇದೆ. ಇದೇ ಕಾಯಿಲೆಗೆ ಕಾರಣ ಅಂತ ತೋರಿಸಬೇಕು. ಯಾವ ಡೇಟಾ ತಗೊಳ್ಳಲಿ?"

ಡೇಟಾ ಈಗ ಬೇಕಾದಷ್ಟಿದೆ. ಎಷ್ಟೋ ಪುಕ್ಕಟೆ ಸಿಗುತ್ತದೆ. ಲ್ಯಾಪ್‌ಟಾಪ್ ಒಂದಿದ್ದರೆ ಮಧ್ಯಾಹ್ನದೊಳಗೆ ಉತ್ತರ ಬಂದುಬಿಡುತ್ತದೆ. ಕಷ್ಟ ಇರುವುದು ಅಲ್ಲೇ. ತಪ್ಪು ಡೇಟಾ ತಗೊಂಡರೂ ಮಧ್ಯಾಹ್ನದೊಳಗೇ ಉತ್ತರ ಬರುತ್ತದೆ, ನೋಡಲಿಕ್ಕೆ ಅದೂ ಅಷ್ಟೇ ಚೆನ್ನಾಗಿರುತ್ತದೆ.

ಆ ಹುಡುಗ ಹುಡುಗಿಯರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ. ಪ್ರೋಟೀನು ಅಳೆದದ್ದು ಯಾವ ತಂತ್ರದಲ್ಲಿ, ಯಾರ ರಕ್ತದಲ್ಲಿ, ಲೆಕ್ಕಕ್ಕೆ ತಗೊಳ್ಳಬೇಕಾದ ವೇರಿಯಂಟ್ (ಒಬ್ಬರಿಂದ ಒಬ್ಬರಿಗೆ ಬೇರೆ ಇರುವ ಜೀನಿನ ಅಕ್ಷರ) ಯಾವುದು, ಲೆಕ್ಕ ಯಾವುದು. ಆಯ್ಕೆ ಈ ನಾಲ್ಕು ಕಡೆ.

ಜೀನಿನ ದಾರಿ ಯಾಕೆ ಹಿಡಿಯಬೇಕು

ಸಿಆರ್‌ಪಿ ಗೊತ್ತಲ್ವಾ? ಕೋವಿಡ್ ಬಂದ ಮೇಲೆ ಮನೆಮನೆಗೂ ಗೊತ್ತಾದ ಟೆಸ್ಟ್. ಮೈಯಲ್ಲಿ ಉರಿಯೂತ ಇದ್ದರೆ ಲಿವರ್ ಈ ಪ್ರೋಟೀನನ್ನು ಜಾಸ್ತಿ ಮಾಡುತ್ತದೆ. ಸಿಆರ್‌ಪಿ ಜಾಸ್ತಿ ಇದ್ದವರಿಗೆ ಹೃದಯದ ಕಾಯಿಲೆಯೂ ಜಾಸ್ತಿ ಅನ್ನುವುದು ಬಹಳ ಅಧ್ಯಯನಗಳಲ್ಲಿ ಕಂಡಿತ್ತು. ಹಾಗಾದರೆ ಸಿಆರ್‌ಪಿ ಇಳಿಸಿದರೆ ಹೃದಯ ಉಳಿಯುತ್ತದಾ?

ಕೆಲವರಿಗೆ ಹುಟ್ಟಿನಿಂದಲೇ ಸಿಆರ್‌ಪಿ ಸ್ವಲ್ಪ ಜಾಸ್ತಿ. ಅವರ ಸಿಆರ್‌ಪಿ ಜೀನಿನಲ್ಲಿ ಒಂದೆರಡು ಅಕ್ಷರ ಬೇರೆ ಇರುತ್ತವೆ, ಅಷ್ಟೇ. ಸಿಆರ್‌ಪಿಯೇ ಕಾರಣ ಆಗಿದ್ದರೆ ಇವರಿಗೆ ಹೃದಯದ ಕಾಯಿಲೆ ಜಾಸ್ತಿ ಬರಬೇಕಿತ್ತು. ಬಹಳಷ್ಟು ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ನೋಡಿದಾಗ ಹಾಗೇನೂ ಕಾಣಲಿಲ್ಲ. ಮಳೆ ಬಂದಾಗ ಕಪ್ಪೆ ಕೂಗುತ್ತದೆ, ನಿಜ. ಅದಕ್ಕೇ ಮಳೆ ಬೇಕು ಅಂತ ಕಪ್ಪೆಗೆ ಮದುವೆ ಮಾಡಿಸುವವರೂ ಇದ್ದಾರೆ. ಹೃದಯದ ವಿಷಯದಲ್ಲಿ ಸಿಆರ್‌ಪಿ ಅಂಥ ಕಪ್ಪೆ.

ಪಿಸಿಎಸ್‌ಕೆ9 ಅನ್ನುವ ಇನ್ನೊಂದು ರಕ್ತದ ಪ್ರೋಟೀನಿನ ಕಥೆ ಇದಕ್ಕೆ ತಿರುಗಾಮುರುಗಾ. ಡಲ್ಲಾಸ್‌ನಲ್ಲಿ ಹೆಲೆನ್ ಹಾಬ್ಸ್ ಮತ್ತು ಜೊನಾಥನ್ ಕೊಹೆನ್ ಅವರ ತಂಡ 2005ರಲ್ಲಿ ಒಂದು ವಿಷಯ ಕಂಡುಹಿಡಿಯಿತು. ಆಫ್ರಿಕನ್ ಅಮೆರಿಕನ್ನರಲ್ಲಿ ನೂರಕ್ಕೆ ಸುಮಾರು ಇಬ್ಬರಿಗೆ ಈ ಪ್ರೋಟೀನಿನ ಜೀನಿನ ಒಂದು ಪ್ರತಿ ಕೆಲಸವನ್ನೇ ಮಾಡುವುದಿಲ್ಲ. ಮರು ವರ್ಷ ಬಂದ ಲೆಕ್ಕದಲ್ಲಿ ಅಂಥವರ ಎಲ್‌ಡಿಎಲ್ ಕೊಲೆಸ್ಟರಾಲ್ 28% ಕಮ್ಮಿ, ಹೃದಯದ ಕಾಯಿಲೆ 88% ಕಮ್ಮಿ ಇತ್ತು. ಇದೇ ಪ್ರೋಟೀನನ್ನು ಹಿಡಿದುಹಾಕುವ ಎರಡು ಇಂಜೆಕ್ಷನ್‌ಗಳಿಗೆ 2015ರಲ್ಲಿ ಅನುಮತಿ ಸಿಕ್ಕಿತು. ಹತ್ತೇ ವರ್ಷದಲ್ಲಿ ಜೀನಿನಿಂದ ಔಷಧಕ್ಕೆ! ಈ ಕ್ಷೇತ್ರದಲ್ಲಿ ಅದು ಓಟ.

ಎರಡರ ಹಿಂದೆಯೂ ಇರುವ ತರ್ಕ ಒಂದೇ. ರಕ್ತದ ಪ್ರೋಟೀನು ಊಟ, ವಯಸ್ಸು, ಮಾತ್ರೆ ಎಲ್ಲಕ್ಕೂ ಏರುಪೇರಾಗುತ್ತದೆ. ಕಾಯಿಲೆಯಿಂದಲೇ ಏರುವುದೂ ಇದೆ. ಅಪ್ಪ ಅಮ್ಮನಿಂದ ಬಂದ ಜೀನು ಮಾತ್ರ ಕಾಯಿಲೆ ಬಂತು ಅಂತ ಬದಲಾಗುವುದಿಲ್ಲ. ಯಾರಿಗೆ ಯಾವ ಪ್ರತಿ ಅನ್ನುವುದು ಚೀಟಿ ಎತ್ತಿದ ಹಾಗೆ. ಈ ಚೀಟಿಯನ್ನೇ ಪ್ರಯೋಗದ ಹಾಗೆ ಬಳಸುವುದಕ್ಕೆ ಮೆಂಡೆಲಿಯನ್ ರ‍್ಯಾಂಡಮೈಸೇಶನ್ ಅಂತ ಹೆಸರು. ನಾವು ಎಂಆರ್ ಅನ್ನುತ್ತೇವೆ. ಆಸ್ಪತ್ರೆಯಲ್ಲಿ ಹಾಗಂದರೆ ಬ್ಯಾಗ್ ಹಿಡಿದು ಬರುವ ಮೆಡಿಕಲ್ ರೆಪ್ ಅಂದುಕೊಳ್ಳುತ್ತಾರೆ, ಹುಷಾರು.

ಅಳೆಯುವ ತಂತ್ರ: ಓಲಿಂಕ್, ಸೋಮಾಸ್ಕ್ಯಾನ್, ಮಾಸ್ ಸ್ಪೆಕ್

ರಕ್ತದ ಪ್ರೋಟೀನು ಅಳೆಯುವುದು ಯಾಕೆ ಕಷ್ಟ ಅಂದರೆ ಅಲ್ಬುಮಿನ್ ಒಂದೇ ಅರ್ಧಕ್ಕಿಂತ ಜಾಸ್ತಿ ಜಾಗ ಹಿಡಿದಿರುತ್ತದೆ. ಒಂದು ಲೀಟರ್‌ಗೆ 35ರಿಂದ 50 ಗ್ರಾಂ. ಅದೇ ರಕ್ತದಲ್ಲಿ ಉರಿಯೂತದ ಸಂದೇಶ ಒಯ್ಯುವ ಇಂಟರ್‌ಲ್ಯೂಕಿನ್-6 ಒಂದು ಮಿಲಿಲೀಟರ್‌ಗೆ ಕೆಲವೇ ಪಿಕೋಗ್ರಾಂ. ಜಾತ್ರೆಯ ಗದ್ದಲದಲ್ಲಿ ಯಾರೋ ಪಿಸುಗುಟ್ಟಿದ್ದು ಕೇಳಬೇಕು ಅಂದ ಹಾಗೆ.

ಸ್ವೀಡನ್ನಿನ ಉಪ್ಸಾಲಾದಲ್ಲಿ ಹುಟ್ಟಿದ ಓಲಿಂಕ್ ಇದಕ್ಕೆ ಜೋಡಿ ಆಂಟಿಬಾಡಿ ಬಳಸುತ್ತದೆ. ಒಂದೊಂದಕ್ಕೂ ಡಿಎನ್ಎ ಎಳೆ ಕಟ್ಟಿರುತ್ತದೆ. ಎರಡೂ ಅದೇ ಪ್ರೋಟೀನಿಗೆ ಪಕ್ಕಪಕ್ಕ ಅಂಟಿಕೊಂಡರೆ ಮಾತ್ರ ಎಳೆಗಳು ಸೇರುತ್ತವೆ, ಆಗ ಮಾತ್ರ ಎಣಿಕೆ. ಇಬ್ಬರು ಸಾಕ್ಷಿ ಬೇಕು ಅಂದ ಹಾಗೆ. ಅಮೆರಿಕದ ಕೊಲರಾಡೊದ ಸೋಮಾಸ್ಕ್ಯಾನ್‌ಗೆ ಒಂದೇ ಸಾಕ್ಷಿ ಸಾಕು. ಅದು ಆಪ್ಟಮರ್, ಅಂದರೆ ಮಡಚಿಕೊಂಡು ಪ್ರೋಟೀನನ್ನು ಹಿಡಿಯುವ, ಮಾರ್ಪಾಡು ಮಾಡಿದ ಡಿಎನ್ಎ ತುಂಡು. ಸಾಕ್ಷಿ ಒಂದೇ ಆದ್ದರಿಂದ ಪಟ್ಟಿ ದೊಡ್ಡದು ಮಾಡುವುದು ಸುಲಭ. ಈಗ ಅವರ ಪಟ್ಟಿ ಹನ್ನೊಂದು ಸಾವಿರ ಅಳತೆಗೆ ಮುಟ್ಟಿದೆ, ಓಲಿಂಕ್‌ನದು ಐದು ಸಾವಿರದ ಮೇಲಿದೆ.

ಎರಡೂ ಕೊಡುವುದು ಹೋಲಿಕೆಯ ಸಂಖ್ಯೆ. ಇವನಿಗಿಂತ ಅವನಿಗೆ ಎಷ್ಟು ಪಟ್ಟು ಅಂತ ತಿಳಿಯುತ್ತದೆ, ಇಷ್ಟು ನ್ಯಾನೋಗ್ರಾಂ ಅಂತ ತಿಳಿಯುವುದಿಲ್ಲ. ಲ್ಯಾಬ್ ರಿಪೋರ್ಟಿನ ಅಂಕಿ ಜೊತೆ ಹೋಲಿಸಲು ಹೋಗಬೇಡಿ.

ಇನ್ನು ಎಲ್ಲರೂ ಓದಿ ಮರೆಯುವ ಸಂಗತಿ. 2023ರಲ್ಲಿ ಐಸ್‌ಲ್ಯಾಂಡಿನ ಡಿಕೋಡ್ ಸಂಸ್ಥೆಯವರು ಒಂದೂವರೆ ಸಾವಿರ ಜನರ ರಕ್ತವನ್ನು ಎರಡೂ ತಂತ್ರದಲ್ಲಿ ಅಳೆದ ಅಂಕಿಗಳನ್ನು ಪ್ರಕಟಿಸಿದರು. ಒಂದೇ ಹೆಸರಿನ ಪ್ರೋಟೀನಿನ ಎರಡು ಅಳತೆಗಳ ನಡುವಿನ ಹೊಂದಾಣಿಕೆ, ಸಾಮಾನ್ಯ ಪ್ರೋಟೀನಿಗೆ, 0.33. ಪೂರ್ತಿ ಹೊಂದಿದರೆ 1 ಬರಬೇಕು. ಒಂದೇ ಮೂಟೆ ಅಕ್ಕಿಯನ್ನು ಎರಡು ಅಂಗಡಿಯಲ್ಲಿ ತೂಗಿ ಇಷ್ಟು ವ್ಯತ್ಯಾಸ ಬಂದರೆ ಜಗಳವೇ ಆಗುತ್ತಿತ್ತು. ಕೆಲವು ಪ್ರೋಟೀನುಗಳಲ್ಲಿ ಎರಡೂ ಚೆನ್ನಾಗಿ ಹೊಂದುತ್ತವೆ, ಕೆಲವದರಲ್ಲಿ ಸಂಬಂಧವೇ ಇಲ್ಲ. ಹಾಗಾಗಿ ಯಾವುದು ಒಳ್ಳೆಯದು ಅಂತ ಒಟ್ಟಾಗಿ ಕೇಳಿ ಪ್ರಯೋಜನವಿಲ್ಲ. ನಿಮ್ಮ ಪ್ರೋಟೀನಿಗೆ ಯಾವುದು ಅಂತ ಕೇಳಬೇಕು.

ಇಲ್ಲೊಂದು ಮೋಸವೂ ಅಡಗಿದೆ. ಜೀನಿನ ಅಕ್ಷರ ಬದಲಾದಾಗ ಕೆಲವೊಮ್ಮೆ ಪ್ರೋಟೀನಿನ ಆಕಾರ ಬದಲಾಗುತ್ತದೆ. ಆಂಟಿಬಾಡಿ ಅಂಟುವ ಜಾಗದಲ್ಲೇ ಹಾಗಾದರೆ ಅದು ಅಂಟುವುದಿಲ್ಲ. ಯಂತ್ರ ಈ ಜೀನಿನವರಲ್ಲಿ ಪ್ರೋಟೀನು ಕಮ್ಮಿ ಅನ್ನುತ್ತದೆ, ನಿಜವಾಗಿ ಇರುವಷ್ಟೇ ಇರುತ್ತದೆ. ಬೀಗದಕೈ ಹೊಂದಲಿಲ್ಲ ಅಂತ ಮನೆಯಲ್ಲಿ ಯಾರೂ ಇಲ್ಲ ಅಂದುಬಿಟ್ಟ ಹಾಗೆ. ನಿಮ್ಮ ವೇರಿಯಂಟ್ ಅಮೈನೊ ಆಮ್ಲವನ್ನು ಬದಲಿಸುವಂಥದ್ದಾದರೆ ಇನ್ನೊಂದು ತಂತ್ರದಲ್ಲೂ ಅದೇ ದಿಕ್ಕು ಬರುತ್ತದಾ ಅಂತ ನೋಡದೆ ಮುಂದೆ ಹೋಗಬೇಡಿ.

ಮಾಸ್ ಸ್ಪೆಕ್ ಪ್ರೋಟೀನನ್ನು ತುಂಡು ಮಾಡಿ ತೂಕದಿಂದ ಗುರುತಿಸುತ್ತದೆ, ಹಾಗಾಗಿ ಗುರುತು ತಪ್ಪುವುದು ಕಮ್ಮಿ. ಅಲ್ಪ ಪ್ರಮಾಣದಲ್ಲಿರುವ ಪ್ರೋಟೀನುಗಳು ಮಾತ್ರ ಅದರ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ದೊಡ್ಡ ಜನಸಂಖ್ಯೆಯ ಡೇಟಾ ಇನ್ನೂ ಮೊದಲಿನ ಎರಡರದ್ದೇ ಜಾಸ್ತಿ.

ಎರಡರಲ್ಲೂ ಇರುವ ಪ್ರೋಟೀನಾದರೆ ಎರಡನ್ನೂ ನೋಡಿ. ಒಂದನ್ನೇ ಆರಿಸು ಅಂದರೆ ನಾನು ಓಲಿಂಕ್ ಕಡೆ ವಾಲುತ್ತೇನೆ, ಎರಡು ಸಾಕ್ಷಿ ಕೇಳುವ ಗುಣ ನನಗಿಷ್ಟ. ಅದರ ಪಟ್ಟಿಯಲ್ಲಿಲ್ಲದ ಪ್ರೋಟೀನು ಬೇಕಾದಾಗ, ಅಥವಾ ಯಾವುದು ಸಿಕ್ಕೀತು ಅಂತ ಬಲೆ ಬೀಸುವಾಗ ಸೋಮಾಸ್ಕ್ಯಾನ್.

ಯಾರ ರಕ್ತ

ಹೆಚ್ಚಾಗಿ ಬಳಕೆಯಲ್ಲಿರುವವು ಇವು:

| ಡೇಟಾ | ಯಾರು | ಎಷ್ಟು ಜನ | ತಂತ್ರ |
|---|---|---|---|
| ಇಂಟರ್ವಲ್, 2018 | ಇಂಗ್ಲೆಂಡಿನ ರಕ್ತದಾನಿಗಳು | 3,301 | ಸೋಮಾಸ್ಕ್ಯಾನ್ |
| ಡಿಕೋಡ್, 2021 | ಐಸ್‌ಲ್ಯಾಂಡಿನವರು | 35,559 | ಸೋಮಾಸ್ಕ್ಯಾನ್, 4,907 ಅಳತೆ |
| ಫೆನ್‌ಲ್ಯಾಂಡ್, 2021 | ಕೇಂಬ್ರಿಜ್ ಸೀಮೆಯವರು | 10,708 | ಸೋಮಾಸ್ಕ್ಯಾನ್, 4,775 ಪ್ರೋಟೀನು |
| ಯುಕೆ ಬಯೋಬ್ಯಾಂಕ್ ಪಿಪಿಪಿ, 2023 | ಬ್ರಿಟನ್ನಿನವರು | 54,219 | ಓಲಿಂಕ್, 2,923 ಪ್ರೋಟೀನು |

ಇಂಟರ್ವಲ್ ಈಗ ಹಳೆಯದು, ಮರುಪರೀಕ್ಷೆಗೆ ಇಟ್ಟುಕೊಳ್ಳಿ. ಫೆನ್‌ಲ್ಯಾಂಡ್ ಡಿಕೋಡ್‌ಗೆ ಒಳ್ಳೆಯ ಜೋಡಿ: ತಂತ್ರ ಅದೇ, ಜನ ಬೇರೆ. ಮುಖ್ಯ ಪೈಪೋಟಿ ಡಿಕೋಡ್ ಮತ್ತು ಪಿಪಿಪಿ ನಡುವೆ.

ಯುಕೆ ಬಯೋಬ್ಯಾಂಕ್ ಅಂದರೆ ಬ್ರಿಟನ್ನಿನ ಸ್ವಯಂಸೇವಕರ ರಕ್ತ, ಜೀನು, ಆರೋಗ್ಯದ ದಾಖಲೆಗಳ ಭಂಡಾರ. ಪಿಪಿಪಿ (ಫಾರ್ಮಾ ಪ್ರೋಟಿಯೋಮಿಕ್ಸ್ ಪ್ರಾಜೆಕ್ಟ್) ಅದರ ಪ್ರೋಟೀನು ಯೋಜನೆ. ಅದಕ್ಕೆ ದುಡ್ಡು ಹಾಕಿದ್ದು ಹದಿಮೂರು ಔಷಧ ಕಂಪನಿಗಳು. ಅದರಲ್ಲಿ ಜೀನು ಮತ್ತು ಪ್ರೋಟೀನಿನ ನಡುವೆ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಕೊಂಡಿಗಳು ಸಿಕ್ಕವು, ನೂರಕ್ಕೆ ಎಂಬತ್ತರಷ್ಟು ಹೊಸವು. ಕೊಂಡಿಗಳ ಸಾರಾಂಶದ ಫೈಲುಗಳು ಎಲ್ಲರಿಗೂ ಸಿಗುತ್ತವೆ. ಒಬ್ಬೊಬ್ಬರ ಡೇಟಾ ಬೇಕಾದರೆ ಅರ್ಜಿ ಹಾಕಿ ಶುಲ್ಕ ಕಟ್ಟಿ ಅವರ ಕ್ಲೌಡ್‌ನಲ್ಲೇ ಕೆಲಸ ಮಾಡಬೇಕು. ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ಸಾರಾಂಶ ಸಾಕು. ಐದು ಲಕ್ಷ ಜನರ ರಕ್ತವನ್ನೂ ಅಳೆಯುತ್ತೇವೆ ಅಂತ 2025ರ ಜನವರಿಯಲ್ಲಿ ಘೋಷಣೆಯಾಗಿದೆ. ಅದಕ್ಕೆ ಕಾಯುತ್ತಾ ಕೂರಬೇಡಿ, ಡಿಗ್ರಿ ಮುಗಿಯುವುದಿಲ್ಲ.

ಡಿಕೋಡ್ ಆರಿಸಲು ನನಗಿರುವ ದೊಡ್ಡ ಕಾರಣ ಬೇರೆ. ಕಾಯಿಲೆಯ ಡೇಟಾ ಎಲ್ಲಿಂದ ತರುತ್ತೀರಿ? ಹೃದಯದ ಕಾಯಿಲೆಗೆ 2022ರ ದೊಡ್ಡ ವಿಶ್ಲೇಷಣೆಯಲ್ಲಿ 1,81,522 ರೋಗಿಗಳಿದ್ದಾರೆ, ಎಲ್ಲರೂ ಅದಕ್ಕೇ ಹೋಗುತ್ತಾರೆ. ಅದರೊಳಗೆ ಯುಕೆ ಬಯೋಬ್ಯಾಂಕಿನವರೂ ಇದ್ದಾರೆ. ಪ್ರೋಟೀನು ಅಳೆದದ್ದೂ ಅವರಲ್ಲೇ, ಕಾಯಿಲೆ ಎಣಿಸಿದ್ದೂ ಅವರಲ್ಲೇ ಆದರೆ ವೇರಿಯಂಟ್ ದುರ್ಬಲವಾಗಿದ್ದಾಗ ಲೆಕ್ಕ ವಾಲುತ್ತದೆ. ಪಿಪಿಪಿ ತಗೊಂಡರೆ ಕಾಯಿಲೆಗೆ ಫಿನ್ಲೆಂಡಿನವರ ಜೀನು ಮತ್ತು ಕಾಯಿಲೆಯ ಡೇಟಾ ಇರುವ ಫಿನ್‌ಜೆನ್‌ಗೆ ಹೋಗಿ. ಬಯೋಬ್ಯಾಂಕಿನವರು ಸೇರಿರುವ ಕಾಯಿಲೆಯ ಡೇಟಾವೇ ಬೇಕಾದರೆ ಪ್ರೋಟೀನು ಡಿಕೋಡ್‌ನಿಂದ ತನ್ನಿ.

ಯಾವ ವೇರಿಯಂಟ್: ಸಿಸ್ ಅಥವಾ ಟ್ರಾನ್ಸ್

ಪ್ರೋಟೀನು ಹುಟ್ಟುವ ಜೀನಿನ ಆಸುಪಾಸಿನಲ್ಲೇ, ಸಾಮಾನ್ಯವಾಗಿ ಹತ್ತು ಲಕ್ಷ ಅಕ್ಷರದೊಳಗೆ ಇರುವ ವೇರಿಯಂಟ್ ಸಿಸ್. ಬೇರೆಲ್ಲೋ ಕೂತು ಈ ಪ್ರೋಟೀನನ್ನು ಏರಿಸಿ ಇಳಿಸುವಂಥದ್ದು ಟ್ರಾನ್ಸ್. ಇಲ್ಲಿ ನನಗೆ ಅನುಮಾನವೇ ಇಲ್ಲ. ಕಾರಣ ಹುಡುಕುವುದಾದರೆ ಸಿಸ್.

ಎಬಿಒ ಜೀನು ನೋಡಿ. ನಿಮ್ಮ ಬ್ಲಡ್ ಗ್ರೂಪ್ ನಿರ್ಧರಿಸುವುದು ಅದೇ. ಅದು ರಕ್ತದ ಬಹಳಷ್ಟು ಪ್ರೋಟೀನುಗಳ ಮಟ್ಟವನ್ನು ಅಲುಗಾಡಿಸುತ್ತದೆ, ಇ-ಸೆಲೆಕ್ಟಿನ್ ಅವುಗಳಲ್ಲೊಂದು. ರಕ್ತ ಹೆಪ್ಪುಗಟ್ಟುವ ತೊಂದರೆಗೂ ಎಬಿಒಗೂ ನಂಟಿದೆ. ಎಬಿಒ ವೇರಿಯಂಟ್ ಹಿಡಿದು ಎಂಆರ್ ಮಾಡಿದರೆ ಆ ಪ್ರೋಟೀನುಗಳೆಲ್ಲ ರಕ್ತ ಹೆಪ್ಪುಗಟ್ಟಲು ಕಾರಣ ಅಂತ ಸಾಲಾಗಿ ಬರುತ್ತವೆ. ಮಾಡಿದವನು ಒಬ್ಬ, ಸ್ಟೇಶನ್ನಿಗೆ ಹೋದದ್ದು ಇಡೀ ಕೇರಿ.

ಹಾಗಂತ ಟ್ರಾನ್ಸ್ ಬಿಸಾಡಬೇಡಿ. ಯಾವ ಪ್ರೋಟೀನು ಯಾವುದರ ಕೈಕೆಳಗೆ ಕೆಲಸ ಮಾಡುತ್ತದೆ ಅಂತ ತಿಳಿಯಲು ಅದೇ ಬೇಕು. ಪ್ರಶ್ನೆ ಬೇರೆ, ಅಷ್ಟೇ.

ಯಾವ ಲೆಕ್ಕ: ಎಂಆರ್ ಅಥವಾ ಕೊಲೊಕಲೈಸೇಶನ್

ಇದನ್ನು ಆಯ್ಕೆ ಅಂತ ಕೇಳುವುದೇ ತಪ್ಪು, ಆದರೂ ಕೇಳುತ್ತಾರೆ. ಎಂಆರ್ ಹೇಳುವುದು ಪ್ರೋಟೀನು ಏರಿದರೆ ಕಾಯಿಲೆ ಎಷ್ಟು ಏರುತ್ತದೆ, ಯಾವ ದಿಕ್ಕಿಗೆ ಅಂತ. ಕೊಲೊಕಲೈಸೇಶನ್ ಕೇಳುವುದು ಇನ್ನೊಂದು ಪ್ರಶ್ನೆ: ಪ್ರೋಟೀನನ್ನು ಏರಿಸುವ ವೇರಿಯಂಟೂ ಕಾಯಿಲೆ ತರುವ ವೇರಿಯಂಟೂ ಒಂದೇನಾ, ಅಥವಾ ಅಕ್ಕಪಕ್ಕದ ಮನೆಯವಾ? ಜೀನಿನ ಅಕ್ಷರಗಳು ಗುಂಪು ಗುಂಪಾಗಿ ಮಕ್ಕಳಿಗೆ ಬರುತ್ತವೆ. ಒಂದೇ ಬಸ್ಸಿನಿಂದ ಇಳಿದವರೆಲ್ಲ ಒಂದೇ ಮನೆಯವರಲ್ಲ.

ಸಿಸ್ ವೇರಿಯಂಟ್ ಒಂದೇ ಇದ್ದಾಗ ಎಂಆರ್ ಅಂದರೆ ಬರೀ ಭಾಗಾಕಾರ: ಕಾಯಿಲೆಯ ಮೇಲಿನ ಪರಿಣಾಮ ಭಾಗಿಸು ಪ್ರೋಟೀನಿನ ಮೇಲಿನ ಪರಿಣಾಮ. ಅಷ್ಟು ಸುಲಭ ಆದ್ದರಿಂದಲೇ ಸುಳ್ಳೂ ಸುಲಭ. ಎಂಆರ್ ಮೊದಲು ಮಾಡಿ, ಸಿಕ್ಕಿದ್ದನ್ನು ಕೊಲೊಕಲೈಸೇಶನ್‌ನಲ್ಲಿ ಜರಡಿ ಹಿಡಿಯಿರಿ. ಒಂದೇ ವೇರಿಯಂಟ್ ಅನ್ನುವ ಸಂಭವ 0.8ಕ್ಕಿಂತ ಮೇಲಿದ್ದರೆ ಒಪ್ಪುವುದು ವಾಡಿಕೆ. ಒಂದೇ ಜಾಗದಲ್ಲಿ ಎರಡು ಮೂರು ವೇರಿಯಂಟ್ ಕೆಲಸ ಮಾಡುತ್ತಿದ್ದರೆ ಸಾದಾ ಕೊಲೊಕಲೈಸೇಶನ್ ತಡವರಿಸುತ್ತದೆ. ಅಂಥ ಕಡೆ ಆ ವೇರಿಯಂಟ್‌ಗಳನ್ನು ಬೇರೆ ಬೇರೆ ಮಾಡಿ ತೋರಿಸುವ ಸೂಸೀ (SuSiE) ಜೊತೆ ಸೇರಿಸಿ ಮಾಡುವ ವಿಧಾನ ಬಳಸಿ.

ದಿಕ್ಕು ತಪ್ಪಿಸುವ ಒಂದು ಪ್ರೋಟೀನು

ಮೇಲಿನದ್ದೆಲ್ಲ ಸರಿಯಾಗಿ ಮಾಡಿಯೂ ಉಲ್ಟಾ ತೀರ್ಮಾನಕ್ಕೆ ಬರಬಹುದು. ಐಎಲ್6ಆರ್ ಇದಕ್ಕೆ ನನ್ನ ಮೆಚ್ಚಿನ ಉದಾಹರಣೆ.

ಇದು ಇಂಟರ್‌ಲ್ಯೂಕಿನ್-6 ಬಂದು ಕೂರುವ ರಿಸೆಪ್ಟರ್. ಇದರ 358ನೇ ಜಾಗದಲ್ಲಿ ಆಸ್ಪಾರ್ಟೇಟ್ ಬದಲು ಅಲನಿನ್ ಬರುವ ವೇರಿಯಂಟ್ ಇದೆ. 2012ರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನರ ಡೇಟಾ ಸೇರಿಸಿ ನೋಡಿದರು. ಈ ಅಲೀಲಿನ (ಅಂದರೆ ಜೀನಿನ ಈ ರೂಪದ) ಒಂದೊಂದು ಪ್ರತಿಗೆ ರಕ್ತದಲ್ಲಿ ರಿಸೆಪ್ಟರ್ 34.3% ಜಾಸ್ತಿ, ಇಂಟರ್‌ಲ್ಯೂಕಿನ್-6 ಕೂಡ 14.6% ಜಾಸ್ತಿ. ಆದರೆ ಸಿಆರ್‌ಪಿ 7.5% ಕಮ್ಮಿ, ಹೃದಯದ ಕಾಯಿಲೆ 3.4% ಕಮ್ಮಿ.

ಕಂಪ್ಯೂಟರಿಗೆ ಕೊಟ್ಟರೆ ಏನನ್ನುತ್ತದೆ? ರಕ್ತದಲ್ಲಿ ರಿಸೆಪ್ಟರ್ ಜಾಸ್ತಿ ಇದ್ದರೆ ಹೃದಯಕ್ಕೆ ಒಳ್ಳೆಯದು, ಹಾಗಾಗಿ ರಿಸೆಪ್ಟರ್ ಏರಿಸುವ ಔಷಧ ಮಾಡಿ. ಪೂರ್ತಿ ಉಲ್ಟಾ. ರಿಸೆಪ್ಟರ್ ಕೆಲಸ ಮಾಡಬೇಕಾದದ್ದು ಜೀವಕೋಶದ ಗೋಡೆಯ, ಅಂದರೆ ಹೊರಪೊರೆಯ, ಮೇಲೆ. ಈ ಅಲೀಲ್ ಇದ್ದವರಲ್ಲಿ ಅದು ಗೋಡೆಯಿಂದ ಕಳಚಿ ರಕ್ತಕ್ಕೆ ಬೀಳುವುದು ಜಾಸ್ತಿ. ರಕ್ತದಲ್ಲಿ ಜಾಸ್ತಿ ಕಂಡಿತು ಅಂದರೆ ಗೋಡೆಯ ಮೇಲೆ ಕಮ್ಮಿಯಾಯಿತು, ಉರಿಯೂತದ ಸಂದೇಶ ಒಳಗೆ ಹೋಗುವುದೂ ಕಮ್ಮಿಯಾಯಿತು. ಮರದಿಂದ ಉದುರಿದ ಎಲೆ ಎಣಿಸಿ ಮರ ಸೊಂಪಾಗಿದೆ ಅಂದರೆ ಹೇಗೆ? ಸಂಧಿವಾತಕ್ಕೆ ಕೊಡುವ ಟೊಸಿಲಿಜುಮ್ಯಾಬ್ ಈ ರಿಸೆಪ್ಟರನ್ನು ತಡೆಯುವ ಔಷಧ. ಅದನ್ನು ತಗೊಂಡವರ ರಕ್ತದಲ್ಲೂ ರಿಸೆಪ್ಟರ್ ಮತ್ತು ಇಂಟರ್‌ಲ್ಯೂಕಿನ್-6 ಏರುತ್ತವೆ, ಸಿಆರ್‌ಪಿ ಇಳಿಯುತ್ತದೆ. ಜೀನು ಮಾಡಿದ್ದನ್ನೇ ಔಷಧವೂ ಮಾಡುತ್ತದೆ.

ಹಾಗಾಗಿ ನಿಮ್ಮ ಪ್ರೋಟೀನು ಹುಟ್ಟಿನಿಂದ ರಕ್ತದ್ದಾ, ಜೀವಕೋಶದ ಗೋಡೆಯದಾ ಅಂತ ಮೊದಲೇ ಓದಿಕೊಳ್ಳಿ. ಪಿಸಿಎಸ್‌ಕೆ9 ರಕ್ತದಲ್ಲೇ ಓಡಾಡುವ ಪ್ರೋಟೀನು, ದಿಕ್ಕು ನಂಬಬಹುದು. ಗೋಡೆಯ ರಿಸೆಪ್ಟರ್ ಆದರೆ ಸಂಬಂಧ ಇದೆ ಅನ್ನುವಷ್ಟಕ್ಕೆ ನಿಲ್ಲಿಸಿ, ದಿಕ್ಕನ್ನು ಬೇರೆ ಸಾಕ್ಷಿಯಿಂದ ನೋಡಿ.

ನಮ್ಮವರ ರಕ್ತ ಎಲ್ಲಿದೆ

ಪಿಪಿಪಿಯ 54 ಸಾವಿರದಲ್ಲಿ ದಕ್ಷಿಣ ಏಷ್ಯಾ ಮೂಲದವರು ಸುಮಾರು 900. ಡಿಕೋಡ್ ಐಸ್‌ಲ್ಯಾಂಡಿನದ್ದೇ. ಜೀನೋಮ್ ಇಂಡಿಯಾ ಯೋಜನೆಯಲ್ಲಿ ಹತ್ತು ಸಾವಿರ ಭಾರತೀಯರ ಜೀನೋಮ್ ಓದಿದ್ದಾರೆ. ಅದನ್ನು ಮುನ್ನಡೆಸಿದ್ದು ಬೆಂಗಳೂರಿನ ಐಐಎಸ್ಸಿ ಆವರಣದ ಸೆಂಟರ್ ಫಾರ್ ಬ್ರೈನ್ ರಿಸರ್ಚ್. 2025ರ ಜನವರಿಯಲ್ಲಿ ಡೇಟಾ ಬಿಡುಗಡೆಯಾಗಿ ಫರೀದಾಬಾದಿನಲ್ಲಿದೆ, ಅರ್ಜಿ ಹಾಕಿ ಕೇಳಬಹುದು.

ಇದು ಸುಮ್ನೆ ಅಭಿಮಾನದ ಮಾತಲ್ಲ. ಬ್ಯುಟಿರಿಲ್‌ಕೋಲಿನೆಸ್ಟರೇಸ್ ಅನ್ನುವ ಪ್ರೋಟೀನು ಇದೆ. ಆಪರೇಶನ್‌ಗೆ ಮೊದಲು ಗಂಟಲಿಗೆ ಕೊಳವೆ ಹಾಕಲು ಸಕ್ಸಿನೈಲ್‌ಕೋಲಿನ್ ಕೊಟ್ಟು ಸ್ನಾಯು ಸಡಿಲ ಮಾಡುತ್ತಾರೆ. ಕೆಲವೇ ನಿಮಿಷದಲ್ಲಿ ಈ ಪ್ರೋಟೀನು ಔಷಧವನ್ನು ಮುರಿದು ಹಾಕುತ್ತದೆ, ಉಸಿರು ಮರಳುತ್ತದೆ. ಆರ್ಯವೈಶ್ಯ ಸಮುದಾಯದಲ್ಲಿ ಕೆಲವರಿಗೆ ಈ ಪ್ರೋಟೀನಿನ 307ನೇ ಜಾಗದಲ್ಲಿ ಲ್ಯೂಸಿನ್ ಬದಲು ಪ್ರೋಲಿನ್ ಇರುತ್ತದೆ. ಎರಡೂ ಪ್ರತಿ ಹಾಗಿದ್ದರೆ ರಕ್ತದಲ್ಲಿ ಪ್ರೋಟೀನು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಅವರಿಗೆ ಈ ಔಷಧ ಕೊಟ್ಟರೆ ಗಂಟೆಗಟ್ಟಲೆ ಸ್ನಾಯು ಅಲುಗುವುದಿಲ್ಲ. ಅಷ್ಟು ಹೊತ್ತು ವೆಂಟಿಲೇಟರ್ ಮೇಲೆ ಇಟ್ಟುಕೊಂಡು ಕಾಯಬೇಕು. ದಕ್ಷಿಣ ಭಾರತದ ಅರಿವಳಿಕೆ ವೈದ್ಯರಿಗೆ ಇದು ಗೊತ್ತಿರುವ ವಿಷಯ.

ಒಂದು ಅಕ್ಷರ, ಒಂದು ರಕ್ತದ ಪ್ರೋಟೀನು, ಒಂದು ಅಪಾಯ. ಇಷ್ಟು ನೇರ ಕೊಂಡಿ ಬೇರೆ ಕಡೆ ಅಪರೂಪ. ಐಸ್‌ಲ್ಯಾಂಡಿನ ರಕ್ತ ಎಷ್ಟು ಜಾಲಾಡಿದರೂ ಇದು ಸಿಗುವ ಭರವಸೆಯಿಲ್ಲ. ಯುರೋಪಿನ ಡೇಟಾದಲ್ಲಿ ಕೊಂಡಿ ಸಿಗಲಿಲ್ಲ ಅಂತ "ಸಂಬಂಧವಿಲ್ಲ" ಎಂದು ಬರೆಯಬೇಡಿ. ಸಿಕ್ಕಿದರೆ ಆ ವೇರಿಯಂಟ್ ಭಾರತೀಯರಲ್ಲಿ ಎಷ್ಟು ಸಾಮಾನ್ಯ ಅಂತ ನೋಡಿ.

ಶುರು ಮಾಡುವ ಮೊದಲ ದಿನ

ನನ್ನದೇ ಒಂದು ಎಡವಟ್ಟು ಹೇಳಿಬಿಡುತ್ತೇನೆ. ಜೀನಿನ ಕೊಂಡಿ ಹುಡುಕುವ ರೆಜೀನಿ ಅನ್ನುವ ತಂತ್ರಾಂಶದ ಫೈಲುಗಳಲ್ಲಿ ಅಲೀಲ್0, ಅಲೀಲ್1 ಅಂತ ಎರಡು ಕಾಲಂ ಇರುತ್ತವೆ. ಪರಿಣಾಮ ಎಷ್ಟು, ಯಾವ ದಿಕ್ಕಿಗೆ ಅನ್ನುವ ಅಂಕಿ ಬೀಟಾ, ಅದು ಹೇಳುವುದು ಅಲೀಲ್1ರ ಪರಿಣಾಮ. ನಾನು ಮೊದಲ ಕಾಲಮ್ಮೇ ಮುಖ್ಯ ಅಂದುಕೊಂಡು ಇಡೀ ಪಟ್ಟಿ ಓಡಿಸಿದ್ದೆ. ಎರಡು ವಾರ ಕಳೆದ ಮೇಲೆ ಪಿಸಿಎಸ್‌ಕೆ9 ಸಾಲಿನ ಮೇಲೆ ಕಣ್ಣು ಬಿತ್ತು. ಪಿಸಿಎಸ್‌ಕೆ9 ಜಾಸ್ತಿ ಇದ್ದಷ್ಟೂ ಹೃದಯ ಕ್ಷೇಮ ಅಂತಿತ್ತು! ಚಹಾ ಲೋಟ ಕೆಳಗಿಟ್ಟು ಎಲ್ಲ ಮೊದಲಿಂದ ಮಾಡಿದೆ.

ಅದಕ್ಕೇ ಈಗ ಹುಡುಗರಿಗೆ ಮೊದಲ ದಿನವೇ ಪಿಸಿಎಸ್‌ಕೆ9 ಕೊಡುತ್ತೇನೆ. ಆರ್46ಎಲ್ ವೇರಿಯಂಟ್ ಹಿಡಿಯಿರಿ. ಅದು ಇದ್ದವರಲ್ಲಿ ಪ್ರೋಟೀನು ಕಮ್ಮಿ, ಎಲ್‌ಡಿಎಲ್ ಕಮ್ಮಿ, ಹೃದಯದ ಕಾಯಿಲೆ ಕಮ್ಮಿ. ಮೂರೂ ಕೆಳಮುಖ. ಇದರ ಜೊತೆ ಸಿಆರ್‌ಪಿಯನ್ನೂ ಹಾಕಿ, ಅಲ್ಲಿ ಏನೂ ಬರಬಾರದು. ಫೈಲು ಜೀನೋಮಿನ 37ನೇ ಆವೃತ್ತಿಯದಾ, 38ರದಾ ಅಂತ ತೆರೆದು ನೋಡಿ, ಎರಡೂ ಓಡಾಡುತ್ತಿವೆ. ಎ-ಟಿ ಅಥವಾ ಜಿ-ಸಿ ಜೋಡಿಯ ವೇರಿಯಂಟ್ ಆದರೆ ಡಿಎನ್ಎಯ ಯಾವ ಎಳೆಯಿಂದ ಓದಿದ್ದು ಅಂತ ಅಕ್ಷರದಿಂದ ತಿಳಿಯುವುದಿಲ್ಲ. ಜನರಲ್ಲಿ ಆ ಅಕ್ಷರದ ಆವರ್ತನ ನೂರಕ್ಕೆ ಐವತ್ತರ ಹತ್ತಿರ ಇದ್ದರೆ ಅದನ್ನು ಬಿಟ್ಟು ಬೇರೆ ತಗೊಳ್ಳಿ. ಪಿಸಿಎಸ್‌ಕೆ9 ಕೆಳಗಿಳಿದು, ಸಿಆರ್‌ಪಿ ಸುಮ್ಮನೆ ಕೂತ ಮೇಲೆ ನಿಮ್ಮ ಪ್ರೋಟೀನಿನ ಫೈಲು ತೆರೆಯಿರಿ.